ಯಜಮಾನಿಗೆ ಹೊಲಿದ ಜೋಲಿ

ಗೂಡ್ಸ್ ಶೆಡ್ಡಿನ ಹಿಂದಿನ ಬೀದಿಯಲ್ಲಿ ಲಾರಿಗಳಿಗೆ ಟಾರ್ಪಾಲು ಹೊಲಿಯುವ ಅಂಗಡಿ ಒಂದೇ ಇತ್ತು. ಅದರ ಒಡತಿ ದಬ್ಬಣದಕ್ಕ. ಆ ಹೆಸರಿಟ್ಟವರು ಲಾರಿ ಡ್ರೈವರುಗಳು. ಅವಳ ಕೈಯಲ್ಲಿ ಸದಾ ದಬ್ಬಣವಿರುತ್ತಿತ್ತು ಅನ್ನುವುದು ಒಂದು ಕಾರಣ. ಮಾತೂ ಹಾಗೇ ಚುಚ್ಚುತ್ತಿತ್ತು ಅನ್ನುವುದು ಇನ್ನೊಂದು. ಹರಿದ ಟಾರ್ಪಾಲನ್ನು ನೆಲದುದ್ದಕ್ಕೂ ಹಾಸಿ, ತೀರಿಹೋದ ಗಂಡನ ಹಳೆ ಪ್ಯಾಂಟು ತೊಟ್ಟು, ಮಂಡಿಗಳಿಗೆ ಟೈರಿನ ತುಂಡು ಕಟ್ಟಿಕೊಂಡು, ಅದರ ಮೇಲೆ ತೆವಳುತ್ತ ತೆವಳುತ್ತ ಹೊಲಿಯುತ್ತಿದ್ದಳು. ಅಂಗೈಗೆ ಚರ್ಮದ ಪಟ್ಟಿ, ಜೇಬಿನಲ್ಲಿ ದಾರಕ್ಕೆ ಹಚ್ಚುವ ಮೇಣದ ಉಂಡೆ. "ಮಳೆಗೆ ಸೋರಲ್ಲ ತಾನೇ ಅಕ್ಕಾ?" ಎಂದು ಯಾವನಾದರೂ ಡ್ರೈವರು ಕೇಳಿದರೆ, "ಸೋರಿದ್ರೆ ನಿನ್ನ ಲೋಡಿನ ಮೇಲೆ ನಾನೇ ಬಂದು ಅಂಗಾತ ಮಲಗ್ತೀನಿ, ಹೋಗೋ" ಅನ್ನುತ್ತಿದ್ದಳು.

ಗಂಡ ಜ್ವರದಲ್ಲಿ ಹೋದಾಗ ಅವಳು ಅಂಗಡಿ ಮುಚ್ಚುತ್ತಾಳೆ ಅಂತಲೇ ಎಲ್ಲರೂ ಎಣಿಸಿದ್ದರು. ಮುಚ್ಚಿ ಮನೆಯೊಳಗೆ ಕೂತರೆ ಹುಚ್ಚು ಹಿಡಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮಕ್ಕಳಿರಲಿಲ್ಲ. ತನ್ನವನು ಅಂತ ಇದ್ದವನು ಒಬ್ಬ ತಮ್ಮ. ಅವನು ಕೈಗೂಸಾಗಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಇವಳು ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಶಾಲೆಗೆ ಹೋಗುತ್ತಿದ್ದಳು. ಪಾಠದ ನಡುವೆ ಅವನು ಅತ್ತೂ ಅತ್ತೂ ಮೇಷ್ಟರಿಗೆ ಸಾಕಾಗಿ, "ಒಂದೋ ನೀನು ಓದು, ಇಲ್ಲಾ ಅವನನ್ನ ನೋಡ್ಕೋ" ಅಂದರು. ಮಾರನೆಯ ದಿನದಿಂದ ಅವಳು ಶಾಲೆಯ ಕಡೆ ತಲೆ ಹಾಕಲಿಲ್ಲ. ಅದರ ಬಗ್ಗೆ ಯಾವತ್ತೂ ಕೊರಗಿದವಳಲ್ಲ. ತಮ್ಮನ ಮೇಲೆ ಸಿಟ್ಟು ಬಂದಾಗ ಮಾತ್ರ, "ನಿನ್ನ ದೆಸೆಯಿಂದ ನಾನು ಡಾಕ್ಟರಾಗೋದು ತಪ್ಪಿತು" ಎಂದು ಒಮ್ಮೊಮ್ಮೆ ಬಿಡುತ್ತಿದ್ದಳು.

ತಮ್ಮ ಬೆಳೆದು ಬಾಗಿಲು ತುಂಬುವಂಥ ಆಳಾದ. ಮಾತು ಮಾತ್ರ ಕಡಿಮೆ. ಗಾಜಿನ ಅಂಗಡಿಗಳಿಗೆ ಹಾಳೆಗಾಜು ಸಾಗಿಸುವ ಕುದುರೆಗಾಡಿ ಅವನದು. ಸಂದುಗೊಂದುಗಳಲ್ಲಿ ಲಾರಿ ನುಗ್ಗುವುದಿಲ್ಲ, ಆಟೋದಲ್ಲಿ ಹಾಕಿದರೆ ಕುಲುಕಾಟಕ್ಕೆ ಗಾಜು ಬಿರಿಯುತ್ತದೆ. ಅವನ ಹೆಣ್ಣುಕುದುರೆಯ ನಡಿಗೆ ಎಷ್ಟು ಮೆತ್ತಗಿತ್ತೆಂದರೆ, ತುಂಬಿದ ಗಾಡಿಯಲ್ಲಿ ಗಾಜಿಗೆ ಗಾಜು ತಾಗಿದ ಸದ್ದೂ ಬರುತ್ತಿರಲಿಲ್ಲ. ಎಲ್ಲರೂ ಅದನ್ನು ಯಜಮಾನಿ ಅನ್ನುತ್ತಿದ್ದರು. ಎಲ್ಲಿ ನಿಲ್ಲಬೇಕು, ಯಾವಾಗ ಹೊರಡಬೇಕು ಅನ್ನುವುದನ್ನು ಅವನು ಲಗಾಮು ಎಳೆಯುವ ಮೊದಲೇ ಅದು ತೀರ್ಮಾನಿಸಿಬಿಡುತ್ತಿತ್ತು. "ಇವನಿಗೆ ಹೆಣ್ಣು ಹುಡುಕೋದು ಬೇಡ ಬಿಡಿ ಅಕ್ಕಾ, ಆಗ್ಲೇ ಮನೇಲಿ ಒಬ್ಬಳು ಯಜಮಾನಿ ಇದ್ದಾಳಲ್ಲ" ಎಂದು ಎದುರು ಗ್ಯಾರೇಜಿನ ಲಾರಿ ಮೆಕ್ಯಾನಿಕ್ ರೇಗಿಸಿದರೆ, ತಮ್ಮ ಕಿವಿಯವರೆಗೂ ಕೆಂಪಾಗಿ ನಗುತ್ತಿದ್ದ.

ಅಂಗಡಿಯ ಹಿಂದೆ, ಒಂದು ಕಾಲಕ್ಕೆ ಗೋದಾಮಾಗಿದ್ದ ಎತ್ತರದ ಶೆಡ್ಡಿನಲ್ಲಿ ಕುದುರೆ ಇರುತ್ತಿತ್ತು. ಅಕ್ಕನಿಗೂ ಅದಕ್ಕೂ ಎಣ್ಣೆ-ಸೀಗೆಕಾಯಿ. ಅವಳು ಹೊಲಿಯಲು ಬಗ್ಗಿದಾಗ ಹಿಂದಿನಿಂದ ಬಂದು ಜೇಬಿನ ಮೇಣ ಕದ್ದು ತಿನ್ನುತ್ತಿತ್ತು. ಹೊಸದಾಗಿ ಹೊಲಿದ ಟಾರ್ಪಾಲಿನ ಅಂಚು ಅಗಿದು ಇಡುತ್ತಿತ್ತು. ಅವಳು ಪೊರಕೆ ಎತ್ತಿದರೆ ತಮ್ಮನ ಬೆನ್ನ ಹಿಂದೆ ಹೋಗಿ ನಿಂತುಕೊಳ್ಳುತ್ತಿತ್ತು. "ನನಗಿಂತ ಅವಳೇ ಹೆಚ್ಚಾದ್ಲು ನಿನಗೆ" ಎಂದು ಅಕ್ಕ ಗೊಣಗುತ್ತಿದ್ದಳು. ಅದು ಪೂರ್ತಿ ತಮಾಷೆಯ ಮಾತಾಗಿರಲಿಲ್ಲ.

ಒಂದು ಬೆಳಿಗ್ಗೆ ಅವಳು ದಾರಕ್ಕೆ ಮೇಣ ಎಳೆಯುತ್ತಿದ್ದಾಗ ಮೆಕ್ಯಾನಿಕ್ ಗ್ರೀಸಿನ ಕೈಯಲ್ಲೇ ಓಡಿಬಂದ.

"ಅಕ್ಕಾ, ಬೇಗ ಬನ್ನಿ. ನಿಮ್ಮ ತಮ್ಮನಿಗೆ ಏನೂ ಆಗಿಲ್ಲ, ಅದನ್ನ ಮೊದಲು ಹೇಳ್ಬಿಡ್ತೀನಿ. ಕುದುರೆಗೆ..."

ಅವನು ಬೀದಿಯ ತಿರುವಿನ ಕಡೆ ಕೈ ತೋರಿಸಿದ.

ತಿರುವಿನಲ್ಲಿ ಯಾರದೋ ಮೋಟಾರ್ ಬೈಕು ಗಾಡಿಯ ಗಾಲಿಗೆ ಬಡಿದು ಹಾಗೇ ಹೋಗಿಬಿಟ್ಟಿತ್ತು. ಹಗ್ಗ ಸಡಿಲಿ, ದೊಡ್ಡದೊಂದು ಹಾಳೆಗಾಜು ಮುಂದಕ್ಕೆ ಜಾರಿ ಕುದುರೆಯ ಹಿಂಗಾಲಿನ ಮೇಲೆ ಬಿದ್ದಿತ್ತು. ಬೀದಿ ತುಂಬ ಗಾಜಿನ ಚೂರು, ಅದರ ಮೇಲೆಲ್ಲ ಬಿಸಿಲು. ಯಜಮಾನಿ ಮೂರು ಕಾಲಲ್ಲಿ ನಿಂತಿತ್ತು. ಎಡ ಹಿಂಗಾಲನ್ನು ಊರಲು ಹೋದಾಗಲೆಲ್ಲ ಗೊರಸಿನ ತುದಿ ಮೇಲಕ್ಕೆದ್ದು, ಅದರ ಮೇಲಿನ ಗೆಣ್ಣು ನೆಲದತ್ತ ಕುಸಿಯುತ್ತಿತ್ತು. ತಮ್ಮ ತನ್ನ ಅಂಗಿ ಬಿಚ್ಚಿ ಆ ಕಾಲಿಗೆ ಬಿಗಿದು, ಎರಡು ಕೈಯಲ್ಲೂ ಅದುಮಿ ಹಿಡಿದು ಕೂತಿದ್ದ. ಅಂಗಿ ಯಾವ ಬಣ್ಣದ್ದೆಂದು ಗೊತ್ತಾಗುತ್ತಿರಲಿಲ್ಲ.

"ಅಕ್ಕ, ನಿಲ್ತಾ ಇಲ್ಲ. ರಕ್ತ ನಿಲ್ತಾನೇ ಇಲ್ಲ" ಅಂದ. ಸಣ್ಣವನಿದ್ದಾಗ ಬಿದ್ದು ಬಂದರೆ ಮಾಡುತ್ತಿದ್ದ ಮುಖವೇ ಅದು.

ಲಾರಿಯೊಂದರ ಹಿಂಬಾಗಿಲು ಇಳಿಸಿ, ಹತ್ತಾರು ಜನ ಕೈಹಾಕಿ ಕುದುರೆಯನ್ನು ಶೆಡ್ಡಿಗೆ ತಂದರು. ಪಶು ಆಸ್ಪತ್ರೆಯಿಂದ ಬಂದವಳು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ನಾಯಿ, ಹಸುಗಳಿಗೆ ಮದ್ದು ಕೊಟ್ಟು ಅಭ್ಯಾಸವಿದ್ದವಳು. ಅಂಗಿ ಬಿಚ್ಚಿ ನೋಡಿ, ಕುಕ್ಕರಗಾಲಲ್ಲಿ ಕೂತಳು.

"ಕಾಲಿನ ಹಿಂಭಾಗದಲ್ಲಿ ಹಗ್ಗದ ಥರ ಎರಡು ನರ ಇರುತ್ತಮ್ಮ. ಗೆಣ್ಣನ್ನ ಎತ್ತಿ ಹಿಡಿಯೋದೇ ಅದು. ಎರಡೂ ತುಂಡಾಗಿದೆ. ಹೊಲೀಬಹುದು, ಪ್ಲಾಸ್ಟರ್ ಹಾಕಬಹುದು. ಆದ್ರೆ ತಿಂಗಳುಗಟ್ಟಲೆ ಮಲಗದೆ ನಿಂತಿರಬೇಕು. ಬಹಳ ಕುದುರೆಗಳು ಉಳಿಯಲ್ಲ. ನಾನು ಇಂಥದ್ದನ್ನ ಮಾಡಿದವಳೂ ಅಲ್ಲ. ನೋವಿಲ್ಲದೆ ಕಳಿಸಿಕೊಡೋದೇ ಅದಕ್ಕೆ ಮಾಡೋ ಉಪಕಾರ ಅಂತ ನನಗನ್ನಿಸುತ್ತೆ."

"ಹಾಗಾದ್ರೆ ಹಾಗೇ ಮಾಡಿ" ಅಂದಳು ದಬ್ಬಣದಕ್ಕ. ಅವಳಿಗೆ ಅದರಲ್ಲಿ ಎರಡು ಮಾತಿರಲಿಲ್ಲ.

ತಮ್ಮ ಕುದುರೆಯ ಕತ್ತಿಗೆ ಒರಗಿ ನಿಂತಿದ್ದ. ಅಲ್ಲಿಂದಲೇ, ದನಿ ಎತ್ತರಿಸದೆ, "ಸೂಜಿ ಇನ್ನೊಂದು ತರಿಸು ಅಕ್ಕ. ನನಗೂ ಒಂದು ಹಾಕಿಸಿಬಿಡು" ಅಂದ.

ಬೇರೆ ಯಾರಾದರೂ ಅಂದಿದ್ದರೆ ಬಾಯಿಮಾತು ಅನ್ನಬಹುದಿತ್ತು. ಇವನು ಸುಮ್ಮಸುಮ್ಮನೆ ಮಾತಾಡುವವನಲ್ಲ. ಅಕ್ಕ ಅವನ ಮುಖ ನೋಡಿದಳು, ಡಾಕ್ಟರಮ್ಮನ ಕಡೆ ತಿರುಗಿದಳು. "ಹೊಲೀರಿ" ಅಂದಳು.

ಮದ್ದು ಕೊಟ್ಟು ಯಜಮಾನಿಯನ್ನು ಅಂಗಡಿಯ ಅತ್ಯುತ್ತಮ ಟಾರ್ಪಾಲಿನ ಮೇಲೆ ಮಲಗಿಸಿದರು. ದೀಪ ಹಿಡಿಯುವ ಕೆಲಸ ಅಕ್ಕನಿಗೆ ಬಂತು. ಮೂರು ಪದರ ಕ್ಯಾನ್ವಾಸಿಗೆ ದಬ್ಬಣ ತೂರಿಸುತ್ತ ಆಯುಸ್ಸು ಕಳೆದವಳು, ಸೂಜಿಯ ಕೆಲಸವೆಂದರೆ ನನಗೇನು ಹೊಸದೇ ಎಂದುಕೊಂಡೇ ನಿಂತಳು. ಡಾಕ್ಟರಮ್ಮನ ಸೂಜಿ ಆ ಬಿಳಿಯ ಹುರಿಯೊಳಗೆ ಹೋಗಿ ಆ ಕಡೆ ಹೊರಬಂದದ್ದನ್ನು ಕಂಡದ್ದಷ್ಟೇ. ಕಣ್ಣಿಗೆ ಕತ್ತಲು ಕಟ್ಟಿತು. ಎಚ್ಚರವಾದಾಗ ಅವಳು ಕುದುರೆಯ ಪಕ್ಕದಲ್ಲೇ ಉದ್ದಕ್ಕೆ ಮಲಗಿದ್ದಳು, ದೀಪ ಮೆಕ್ಯಾನಿಕ್ಕಿನ ಕೈಯಲ್ಲಿತ್ತು. "ಇಬ್ಬರೂ ಯಜಮಾನಿಯರು ಒಟ್ಟಿಗೇ ಮಲಗಿಬಿಟ್ರೆ ನಾವು ಯಾರನ್ನ ಎತ್ತೋದು ಅಕ್ಕಾ?" ಅಂದ ಅವನು. ಯಾರೂ ನಗಲಿಲ್ಲ.

ಗೊರಸಿನಿಂದ ಮಂಡಿಯವರೆಗೆ ಪ್ಲಾಸ್ಟರ್ ಬಿತ್ತು. ಇನ್ನು ಕುದುರೆ ನಿಲ್ಲಬೇಕು, ಆದರೆ ಭಾರ ಕಾಲುಗಳ ಮೇಲೆ ಬೀಳಬಾರದು. ಹೊಟ್ಟೆಯ ಕೆಳಗೆ ಅಗಲವಾದ ಜೋಲಿ ಹಾಕಿ ಮೇಲಿನಿಂದ ತೂಗುಹಾಕಿದರೆ ಒಳ್ಳೆಯದು, ದೊಡ್ಡ ಆಸ್ಪತ್ರೆಗಳಲ್ಲಿ ಹಾಗೆ ಮಾಡುತ್ತಾರೆ, ಚಿತ್ರ ನೋಡಿದ್ದೇನೆ ಎಂದಳು ಡಾಕ್ಟರಮ್ಮ. ಶೆಡ್ಡಿನ ಮಾಡಿನಡಿ ಕಬ್ಬಿಣದ ತೊಲೆ ಇತ್ತು. ಮೆಕ್ಯಾನಿಕ್ ತನ್ನ ಎಂಜಿನ್ ಎತ್ತುವ ಸರಪಳಿ ರಾಟೆ ತಂದು ತೊಲೆಗೆ ಬಿಗಿದ. ಜೋಲಿಯನ್ನು ದಬ್ಬಣದಕ್ಕ ಹೊಲಿದಳು. ಎರಡು ಪದರ ಕ್ಯಾನ್ವಾಸು, ಲೋಡು ಬಿಗಿಯುವ ನೈಲಾನ್ ಪಟ್ಟೆ, ಅಂಚಿಗೆ ಹಗ್ಗ. ಹತ್ತು ಟನ್ನಿನ ಲೋಡಿಗೂ ಹರಿಯದಂಥ ಹೊಲಿಗೆ.

ಹರಿಯಲೇ ಇಲ್ಲ. ಕಷ್ಟ ಶುರುವಾದದ್ದೇ ಅಲ್ಲಿಂದ. ರಾಟೆ ಎಳೆದು ಜೋಲಿ ಬಿಗಿಯಾದ ಕೂಡಲೇ ಯಜಮಾನಿಗೆ ಉಸಿರು ಕಟ್ಟಿತು. ಕಣ್ಣುಗುಡ್ಡೆ ಹೊರಗೆ ಬಂದಂತಾಗಿ, ಮುಂಗಾಲು ಎತ್ತಿ ಒದ್ದಾಡಿತು. ಪ್ಲಾಸ್ಟರಿನ ಕಾಲು ಗೋಡೆಗೆ ಬಡಿದ ಸದ್ದಿಗೆ ತಮ್ಮ ಚೀರಿದ. ಇಳಿಸಿದರು. ಮತ್ತೆ ಸ್ವಲ್ಪ ಎತ್ತಿದರು. ಮತ್ತೆ ಅದೇ. ಕೆಲವು ದಿನ ಹೀಗೇ ಗುದ್ದಾಡಿದ ಮೇಲೆ ಮುಂಗಾಲಿನ ಸಂದಿನಲ್ಲಿ, ಹೊಟ್ಟೆಯ ಅಡಿಯಲ್ಲಿ ಚರ್ಮ ಕಿತ್ತು ಹುಣ್ಣಾಯಿತು. ಹೊಲಿಗೆಯ ಗೆರೆ ಎಲ್ಲಿತ್ತೋ ಅಲ್ಲೇ ಕೆಂಪು ಗೆರೆ. ದಬ್ಬಣದಕ್ಕ ಆ ಹುಣ್ಣುಗಳನ್ನು ನೋಡಿ ತನ್ನ ಕೈಗಳನ್ನು ನೋಡಿಕೊಂಡಳು. ಜೋಲಿ ಬಿಚ್ಚಿ ಮೂಲೆಗೆ ಎಸೆದರು.

ಯಜಮಾನಿ ಮೂರು ಕಾಲಲ್ಲೇ ನಿಂತಿತು. ನಿಂತೇ ತೂಕಡಿಸಿತು. ಬಲ ಹಿಂಗಾಲು ಒಂದರ ಮೇಲೇ ಹಿಂಭಾಗದ ಅಷ್ಟೂ ಭಾರ. ತಮ್ಮ ಅದರ ಬಳಿಯಿಂದ ಏಳುತ್ತಿರಲಿಲ್ಲ. ಕುದುರೆ ಮೇವು ಬಿಟ್ಟಿತೆಂದು ಅವನೂ ಊಟ ಬಿಟ್ಟ. ಅಕ್ಕ ತಟ್ಟೆ ಹಿಡಿದು ನಿಂತರೆ, "ಅವಳು ತಿನ್ಲಿ, ಆಮೇಲೆ" ಅನ್ನುತ್ತಿದ್ದ. ಒಂದು ಮುಂಜಾನೆ ಬಂದು ನೋಡಿದರೆ ಕುದುರೆ ಆ ಒಳ್ಳೆಯ ಕಾಲನ್ನೇ ಎತ್ತಿ ಎತ್ತಿ ಇಡುತ್ತಿತ್ತು. ಗೊರಸು ಮುಟ್ಟಿದರೆ ಒಲೆಯ ಮೇಲಿಂದ ಇಳಿಸಿದ ಪಾತ್ರೆಯಂತೆ ಬಿಸಿ.

ಡಾಕ್ಟರಮ್ಮ ಬಂದು ಗೊರಸಿನ ಮೇಲೆ ಬೆರಳಿಟ್ಟು ನಾಡಿ ನೋಡಿದಳು. ಅವಳ ಮುಖ ಇಳಿದುಹೋಯಿತು.

"ಗೊರಸು ಅಂದ್ರೆ ಉಗುರಮ್ಮ. ಒಳಗಿನ ಮೂಳೆ ಆ ಉಗುರಿಗೆ ಅಂಟಿಕೊಂಡು ನೇತಾಡ್ತಿರುತ್ತೆ. ಭಾರ ಎಲ್ಲಾ ಒಂದೇ ಕಾಲಿಗೆ ಬಿದ್ರೆ ಆ ಅಂಟು ಬಿಡೋಕೆ ಶುರುವಾಗುತ್ತೆ. ಪೂರ್ತಿ ಬಿಟ್ಟರೆ ಮೂಳೆ ಅಂಗಾಲು ತೂತು ಮಾಡ್ಕೊಂಡು ಕೆಳಗೆ ಬರುತ್ತೆ. ಆಮೇಲೆ ಯಾರ ಕೈಯಲ್ಲೂ ಏನೂ ಇರಲ್ಲ."

"ಗಾಯ ಆದ ಕಾಲು?" ಎಂದು ತಮ್ಮ ಕೇಳಿದ.

"ಅದು ಕೂಡ್ತಾ ಇದೆ. ಈ ಕಾಲು ಅವಳನ್ನ ಕೊಲ್ಲುತ್ತೆ."

ತಮ್ಮ ಗೋಡೆ ಹಿಡಿದುಕೊಂಡು ಕೂತ. ಯಾರ ಮುಖವನ್ನೂ ನೋಡದೆ, "ಸಾಕು ಡಾಕ್ಟರೇ. ನಾನು ಅವಳಿಗೆ ತುಂಬಾ ನೋವು ಕೊಟ್ಟೆ. ಕಳಿಸಿಬಿಡಿ" ಅಂದ. ಎದ್ದವನು ಚಪ್ಪಲಿಯನ್ನೂ ಮೆಟ್ಟದೆ ಬೀದಿಗಿಳಿದ. ಅಕ್ಕ ಹಿಂದಿನಿಂದ ಕೂಗಿದಳು, ತಿರುಗಲಿಲ್ಲ.

ಡಾಕ್ಟರಮ್ಮನ ಬಳಿ ಆಗ ಬೇಕಾದ ಔಷಧಿ ಇರಲಿಲ್ಲ. "ನಾಳೆ ಸಂಜೆ ತರ್ತೀನಮ್ಮ. ಅಷ್ಟರಲ್ಲಿ ನಿಮ್ಮ ತಮ್ಮ ಬಂದ್ರೆ ಒಂದು ಸಲ ನೋಡಿಕೊಳ್ಳಲಿ" ಎಂದು ಹೇಳಿ, ನೋವಿಗೆ ಮದ್ದು ಕೊಟ್ಟು ಹೋದಳು.

ದಬ್ಬಣದಕ್ಕ ಶಟರು ಅರ್ಧ ಎಳೆದು ತಮ್ಮನನ್ನು ಹುಡುಕಲು ಹೊರಟಳು. ಗಾಜಿನ ಅಂಗಡಿಯಲ್ಲಿ ಇರಲಿಲ್ಲ. ಮಾರುಕಟ್ಟೆಯ ಹಮಾಲರು ನೋಡಿರಲಿಲ್ಲ. ರೈಲ್ವೆ ಗೇಟಿನವನನ್ನು ಕೇಳುವಾಗ ಅವಳು ಹಳಿಯ ಕಡೆ ಕೈಯಷ್ಟೇ ತೋರಿಸಿದಳು. ಅವನಿಗೆ ಅರ್ಥವಾಯಿತು. "ಇಲ್ಲ ತಾಯಿ, ಇಲ್ಲಿ ಹಾಗೇನೂ ಆಗಿಲ್ಲ" ಅಂದ. ಹಳಿಯ ಉದ್ದಕ್ಕೂ ಕಣ್ಣು ಹಾಯಿಸಿ, ಏನೂ ಕಾಣದೆ, ಅವಳು ವಾಪಸಾದಳು.

ಶೆಡ್ಡಿನಲ್ಲಿ ಯಜಮಾನಿ ತಲೆ ತಗ್ಗಿಸಿ ನಿಂತಿತ್ತು. ನೀರು ಹಿಡಿದರೆ ಮೂಗು ಅದ್ದಿ ಸುಮ್ಮನಾಯಿತು. ಅಕ್ಕನ ಜೇಬು ಅದರ ಬಾಯಿಗೆ ಸಿಗುವ ಹಾಗೇ ಇತ್ತು, ಮೇಣದ ಉಂಡೆಯೂ ಒಳಗಿತ್ತು. ಅದು ಮೂಸಿಯೂ ನೋಡಲಿಲ್ಲ. ಅವಳೇ ಉಂಡೆಯನ್ನು ತೆಗೆದು ಅಂಗೈಯಲ್ಲಿಟ್ಟು ಹಿಡಿದಳು. ಮುಖ ತಿರುಗಿಸಿತು.

"ತಿನ್ನೇ ಮುಂಡೇದೆ" ಅಂದಳು. "ಇಷ್ಟು ದಿನ ಕದ್ದು ತಿಂದೆಯಲ್ಲ, ಈಗ ಕೊಟ್ಟರೆ ಬೇಡವಾ ನಿನಗೆ?"

ಗಂಡ ಹೋದಾಗಲೂ ನಾಲ್ಕು ಜನರೆದುರು ಅಳದವಳು, ಆ ಖಾಲಿ ಶೆಡ್ಡಿನಲ್ಲಿ ಕುದುರೆಯ ಹೆಗಲಿಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಮೊದಲ ದಿನ ಸಾಯಿಸಿಬಿಡಿ ಅಂದವಳು ತಾನೇ. ಈಗ ಯಾರೂ ಬೇಡವೆನ್ನುತ್ತಿಲ್ಲ, ತಮ್ಮನೂ ಒಪ್ಪಿದ್ದಾನೆ, ನಾಳೆ ಸಂಜೆಗೆ ಎಲ್ಲ ಮುಗಿಯುತ್ತದೆ. ಆದರೂ ಅವಳ ಮನಸ್ಸು ಮೂಲೆಯಲ್ಲಿ ಬಿದ್ದಿದ್ದ ಜೋಲಿಯ ಕಡೆಗೇ ಹೋಗುತ್ತಿತ್ತು. ಈ ಪ್ರಾಣಿ ಅದರ ಮೇಲೆ ಯಾಕೆ ಒರಗಲಿಲ್ಲ? ಹೊಲಿಗೆ ಗಟ್ಟಿ, ಪಟ್ಟೆ ಗಟ್ಟಿ, ತೊಲೆ ಗಟ್ಟಿ. ಮತ್ತೇನು ಕಡಿಮೆಯಾಯಿತು?

ಮೆಕ್ಯಾನಿಕ್ಕನ್ನು ಕರೆದಳು. ಜೋಲಿಯನ್ನು ರಾಟೆಗೆ ಸಿಕ್ಕಿಸಲು ಹೇಳಿದಳು.

"ಮತ್ತೆ ಅವಳಿಗಾ? ಬೇಡ ಅಕ್ಕಾ, ಪಾಪ."

"ಅವಳಿಗಲ್ಲ. ನನಗೆ."

ಅವನು ಜೋಲಿಯನ್ನು ರಾಟೆಗೆ ಸಿಕ್ಕಿಸಿದ. ಅವಳು ಆಗಲೇ ಜೋಲಿಯ ಮೇಲೆ ಕವುಚಿ ಮಲಗಿ, ಕೈಕಾಲು ಇಳಿಬಿಟ್ಟು, "ಎಳಿ" ಅಂದಳು.

"ಯಾರಾದ್ರೂ ನೋಡಿದ್ರೆ ನನ್ನ ಗ್ಯಾರೇಜಿಗೆ ಬೀಗ ಹಾಕಿಸ್ತಾರೆ."

"ಎಳಿಯೋ ಅಂದ್ರೆ!"

ಸರಪಳಿ ಕಿರುಗುಟ್ಟಿತು. ನೆಲ ಬಿಟ್ಟದ್ದೇ ತಡ, ದೇಹದ ಭಾರವೆಲ್ಲ ಹೊಟ್ಟೆಯ ಮೇಲೆ ಬಂತು. ಉಸಿರು ಎಳೆದುಕೊಳ್ಳಲು ನೋಡಿದಳು, ಅರ್ಧಕ್ಕೇ ನಿಂತಿತು. ಕಂಕುಳಿಗೆ ಅಂಚಿನ ಹಗ್ಗ ಕೊಯ್ಯುತ್ತಿತ್ತು. ತಾನೇ ಹೆಮ್ಮೆಯಿಂದ ಹಾಕಿದ್ದ ಜೋಡಿಹೊಲಿಗೆ ಪಕ್ಕೆಲುಬಿಗೆ ಒತ್ತಿ ಕಣ್ಣಲ್ಲಿ ನೀರು ತರಿಸಿತು. ತಲೆಗೆ ರಕ್ತ ಇಳಿದು, ಎಲ್ಲಿ ಮೂತಿ ಅಡಿಯಾಗಿ ಬೀಳುತ್ತೇನೋ ಎಂಬ ಹೆದರಿಕೆಗೆ ಕೈಕಾಲು ತಾವಾಗಿಯೇ ಒದ್ದಾಡತೊಡಗಿದವು. ಯಜಮಾನಿ ತಲೆಯೆತ್ತಿ ಇವಳನ್ನೇ ನೋಡುತ್ತಿತ್ತು. ಮೆಕ್ಯಾನಿಕ್ ಗಾಬರಿಯಾಗಿ ಇಳಿಸಿದ. ನೆಲದ ಮೇಲೆ ಕೂತು ಕೆಮ್ಮಿ ಕೆಮ್ಮಿ ಸುಧಾರಿಸಿಕೊಂಡ ಮೇಲೆ ಅವಳು ಹೇಳಿದ್ದು ಇಷ್ಟೇ: "ಲೋಡಿಗೆ ಹೊಲಿದಿದ್ದೀನಿ ನಾನು. ಲೋಡು ಉಸಿರಾಡಲ್ಲ."

ಆಗ ಶುರು ಮಾಡಿದವಳು ಬೆಳಕು ಹೋಗುವವರೆಗೂ ಬಿಚ್ಚಿದಳು, ಬೆಳಗಾದ ಮೇಲೆ ಹೊಸದಾಗಿ ಕತ್ತರಿಸಿದಳು. ಹೊಟ್ಟೆಯ ಕೆಳಗಿನ ಭಾಗ ಸಡಿಲ. ಭಾರ ಹೊರುವುದು ಮುಂದೆ ಎದೆಮೂಳೆ, ಹಿಂದೆ ತೊಡೆಗಳ ನಡುವಿನಿಂದ ಹಾದು ಮೇಲೇಳುವ ಎರಡು ಅಗಲದ ಪಟ್ಟೆ. ಮಂಚದ ಮೇಲಿದ್ದ ಎರಡು ಕಂಬಳಿಗಳನ್ನೂ ಕತ್ತರಿಸಿ ಒಳಗೆ ತುಂಬಿದಳು. ಹೊಲಿಗೆಯ ಗಂಟುಗಳೆಲ್ಲ ಹೊರಮೈಗೆ. ನಡುನಡುವೆ ಎದ್ದು ಬೀದಿಯ ಕೊನೆಯವರೆಗೆ ನಡೆದು, ತಮ್ಮ ಬರುತ್ತಾನೆಯೇ ಎಂದು ನೋಡಿ, ಮತ್ತೆ ಬಂದು ಕೂರುತ್ತಿದ್ದಳು. ಅವಸರಕ್ಕೆ ದಬ್ಬಣ ಎರಡು ಸಲ ಹೆಬ್ಬೆರಳಿಗೆ ಹೊಕ್ಕಿತು.

ಸಂಜೆ ಡಾಕ್ಟರಮ್ಮ ಔಷಧಿಯ ಪೆಟ್ಟಿಗೆ ಹಿಡಿದು ಬಂದಾಗ ಅವಳು ಇನ್ನೂ ಹೊಲಿಯುತ್ತಲೇ ಇದ್ದಳು. ತಲೆ ಎತ್ತದೆ, "ಒಂದು ಅಂಚು ಬಾಕಿ ಇದೆ ಡಾಕ್ಟರಮ್ಮ. ಅಷ್ಟು ಹೊತ್ತು ತಡೀರಿ" ಅಂದಳು. ಡಾಕ್ಟರಮ್ಮ ಪೆಟ್ಟಿಗೆಯನ್ನು ನೋಡಿದಳು, ಕುದುರೆಯನ್ನು ನೋಡಿದಳು. ಅಲ್ಲೇ ನೆಲದ ಮೇಲೆ ಕೂತು, ದಾರಕ್ಕೆ ಮೇಣ ಎಳೆದು ಎಳೆದು ಕೊಡತೊಡಗಿದಳು.

"ನಾವು ಮಾಡ್ತಿರೋದು ಅವಳಿಗೋಸ್ಕರಾನಾ, ನಮಗೋಸ್ಕರಾನಾ, ನನಗೆ ಗೊತ್ತಾಗ್ತಿಲ್ಲಮ್ಮ" ಎಂದು ಮೆಲ್ಲಗೆ ಅಂದಳು.

"ನನಗೂ ಗೊತ್ತಿಲ್ಲ ತಾಯಿ. ಇವತ್ತೂ ಅವಳು ಒದ್ದಾಡಿದ್ರೆ ನೀವು ನಿಮ್ಮ ಕೆಲಸ ಮಾಡಿ. ನಾನು ಅಡ್ಡ ಬರಲ್ಲ."

ಜೋಲಿ ಹಾಕಿದರು. ಮೆಕ್ಯಾನಿಕ್ ಒಂದೊಂದೇ ಕೊಂಡಿ ಎಳೆದ. ಪಟ್ಟೆ ಬಿಗಿಯಾಗುತ್ತಿದ್ದಂತೆ ಯಜಮಾನಿ ಹಳೆಯ ನೆನಪಿಗೆ ನಡುಗಿ, ಮುಂಗಾಲು ಎತ್ತಿತು. ಅಕ್ಕ ಅದರ ಕಿವಿಗಳೆರಡನ್ನೂ ಹಿಡಿದು, ಮುಖಕ್ಕೆ ಮುಖ ಕೊಟ್ಟು ಬೈಯತೊಡಗಿದಳು. "ಏಯ್, ನೋಡಿಲ್ಲಿ. ಬೀಳಿಸಲ್ಲ ಕಣೇ. ನಾನೇ ಹತ್ತಿ ನೋಡಿದೀನಿ ಅಂದ್ರೆ ನಂಬಲ್ವಾ? ಎಷ್ಟು ಅಂತ ನಿಲ್ತೀಯಾ? ಕೂತ್ಕೋ ಅಂದ್ರೆ ಕೂತ್ಕೋ. ಇಲ್ಲಿ ಯಜಮಾನಿ ನಾನು, ನೀನಲ್ಲ." ಕುದುರೆ ಹಾರಿತು, ಮತ್ತೊಮ್ಮೆ ಹಾರಿತು. ಅಕ್ಕನ ಪಾದದ ಮೇಲೆ ಗೊರಸು ಬಿದ್ದು ಬೆರಳು ಜಜ್ಜಿತು. ಅವಳು ಕಿವಿ ಬಿಡಲಿಲ್ಲ, ಬೈಗುಳವನ್ನೂ ನಿಲ್ಲಿಸಲಿಲ್ಲ. ಡಾಕ್ಟರಮ್ಮ ಪೆಟ್ಟಿಗೆಯ ಮುಚ್ಚಳ ತೆಗೆದಳು.

ಆಮೇಲೆ, ದಣಿದೋ ನಂಬಿಯೋ ಯಾರಿಗೆ ಗೊತ್ತು, ಯಜಮಾನಿ ಒಂದು ದೀರ್ಘ ನಿಟ್ಟುಸಿರು ಬಿಟ್ಟಿತು. ತೊಲೆ ಕಿರುಗುಟ್ಟಿತು. ಭಾರ ಕೊಂಚ ಕೊಂಚವಾಗಿ ಪಟ್ಟೆಗಳ ಮೇಲೆ ಇಳಿಯಿತು. ಉಸಿರಾಟ ಏರಿತು, ಇಳಿಯಿತು, ಮತ್ತೆ ಏರಿತು. ಬಲ ಹಿಂಗಾಲು ನಡುಗುತ್ತಲೇ ಮೇಲಕ್ಕೆದ್ದು, ಗೊರಸಿನ ತುದಿಯಷ್ಟೇ ನೆಲಕ್ಕೆ ತಾಗುವಂತೆ ಮಡಚಿಕೊಂಡಿತು. ನೋಡನೋಡುತ್ತಿದ್ದಂತೆ ಅದರ ತಲೆ ಅಕ್ಕನ ಹೆಗಲ ಮೇಲೆ ಕುಸಿದು, ತುಟಿ ಜೋಲು ಬಿತ್ತು. ನಿದ್ದೆ ಬಂದಿತ್ತು. ಅಕ್ಕ ಜಜ್ಜಿದ ಕಾಲಲ್ಲೇ ಅಲ್ಲಾಡದೆ ನಿಂತಳು. ಡಾಕ್ಟರಮ್ಮ ಮುಚ್ಚಳ ಮುಚ್ಚಿದಳು.

ಅಲ್ಲಿಗೆ ಗೆದ್ದೆವು ಅನ್ನುವ ಹಾಗಿರಲಿಲ್ಲ. ಅಂಟು ಎಷ್ಟು ಬಿಟ್ಟಿದೆಯೋ ಹೇಳಲಾಗದು ಎಂದಳು ಡಾಕ್ಟರಮ್ಮ. ಆ ಗೊರಸನ್ನು ಮಂಜುಗಡ್ಡೆಯಲ್ಲಿಡಬೇಕು, ಅಡಿಗೆ ಮರಳು ಹಾಸಬೇಕು, ಜೋಲಿಯನ್ನು ಆಗಾಗ ಸಡಿಲಿಸಿ ಚರ್ಮ ನೋಡಬೇಕು. ಒಂಟಿ ಹೆಂಗಸು ಎಷ್ಟು ಮಾಡಿಯಾಳು? ಹೊಲಿಯಲು ಟಾರ್ಪಾಲು ಕೊಟ್ಟಿದ್ದ ಡ್ರೈವರುಗಳು ಬಂದು ಬಂದು ಬೈದು ಹೋದರು. ತಮ್ಮನ ಸುದ್ದಿ ಇರಲಿಲ್ಲ. ಅವಳು ಮಂಜುಗಡ್ಡೆ ತರಲು ಹೋಗುವ ದಾರಿಯಲ್ಲೆಲ್ಲ ಎದುರು ಬರುವ ಗಂಡಸರ ಕಾಲು ನೋಡುತ್ತಿದ್ದಳು, ಬರಿಗಾಲಿನವನು ಯಾವನಾದರೂ ಇದ್ದಾನೆಯೇ ಎಂದು.

ಅವನು ಬಂದದ್ದು ಒಂದು ಮಧ್ಯಾಹ್ನ. ಗಡ್ಡ ಬೆಳೆದು, ತಲೆ ತುಂಬ ಗೋಣಿನಾರು ಅಂಟಿಕೊಂಡು, ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಗೂಡ್ಸ್ ಶೆಡ್ಡಿನ ಆ ತುದಿಯಲ್ಲಿ ಮೂಟೆ ಹೊತ್ತುಕೊಂಡು, ಖಾಲಿ ಬೋಗಿಗಳಲ್ಲಿ ಮಲಗಿಕೊಂಡಿದ್ದನಂತೆ. ಖಾಲಿ ಶೆಡ್ಡು ನೋಡುವ ಧೈರ್ಯ ಬರುವವರೆಗೆ ಅಲ್ಲೇ ಇದ್ದು, ಈಗ ಬಂದಿದ್ದ. ಕಂಡದ್ದು, ತೊಲೆಯಿಂದ ತೂಗಾಡುತ್ತ ಹುಲ್ಲು ಅಗಿಯುತ್ತಿರುವ ಕುದುರೆ.

"ಅಕ್ಕ..." ಅಂದ.

ದಬ್ಬಣದಕ್ಕನಿಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ತಬ್ಬಿಕೊಳ್ಳಬೇಕೆನ್ನಿಸಿತು. ಎರಡನ್ನೂ ಮಾಡಲಿಲ್ಲ. ಪಕ್ಕದಲ್ಲಿದ್ದ ಬಕೆಟ್ಟನ್ನು ಅವನ ಕಡೆ ಕಾಲಲ್ಲಿ ತಳ್ಳಿ, "ಮಂಜುಗಡ್ಡೆ ಮುಗಿದಿದೆ, ತಗೊಂಡು ಬಾ. ಚಪ್ಪಲಿ ಹಾಕ್ಕೊಂಡು ಹೋಗು" ಅಂದಳು. ಅವನು ಹೋದ ಮೇಲೆ ಗೋಡೆಗೆ ಮುಖ ಮಾಡಿ ನಿಂತು, ಎದೆಯಲ್ಲಿ ಅಷ್ಟು ದಿನ ಹಿಡಿದಿಟ್ಟಿದ್ದ ಉಸಿರನ್ನೆಲ್ಲ ಬಿಟ್ಟಳು.

ಮುಂದಿನ ತಿಂಗಳುಗಳು ಸುಖದವೇನಲ್ಲ. ಒಮ್ಮೆ ಪ್ಲಾಸ್ಟರಿನೊಳಗಿಂದ ನಾತ ಬಂದು, ಕತ್ತರಿಸಿ ನೋಡಿದರೆ ಕೀವು. ಆಗ ಡಾಕ್ಟರಮ್ಮ ಮತ್ತೆ ತನ್ನ ಮೊದಲ ಮಾತಿಗೇ ಬಂದಿದ್ದಳು. ಒಮ್ಮೆ ಜ್ವರ ಏರಿ ಕುದುರೆ ನೀರೂ ಕುಡಿಯಲಿಲ್ಲ. ಬಲ ಗೊರಸು ಉಂಗುರ ಉಂಗುರವಾಗಿ, ಸೊಟ್ಟಗೆ ಬೆಳೆಯಿತು; ಆದರೆ ಮೂಳೆ ಕೆಳಗಿಳಿಯಲಿಲ್ಲ. ಅಕ್ಕ-ತಮ್ಮ ಸರದಿಯಲ್ಲಿ ನಿದ್ದೆ ಮಾಡಿದರು. ಕೊನೆಗೆ ಪ್ಲಾಸ್ಟರು ತೆಗೆದಾಗ ಒಳಗಿದ್ದದ್ದು ರೋಮ ಉದುರಿದ, ಕೋಲಿನಂಥ ಕಾಲು, ನಡುವೆ ಹಗ್ಗದ ಗಂಟಿನ ಹಾಗೆ ಒಂದು ಉಬ್ಬು. ಡಾಕ್ಟರಮ್ಮ ಬರೆದುಕೊಟ್ಟ ಅಳತೆಗೆ ಮೆಕ್ಯಾನಿಕ್ ಹಿಂದಕ್ಕೆ ಬಾಲ ಚಾಚಿದಂಥ ಲಾಳವೊಂದನ್ನು ಬೆಸುಗೆ ಹಾಕಿ ತಂದ, ಗೆಣ್ಣು ಕುಸಿಯದಿರಲೆಂದು. ಯಜಮಾನಿ ಕಾಲು ಊರಿತು. ಗೊರಸಿನ ತುದಿ ಮೇಲೇಳಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಿದರೆ ಎಲ್ಲಿ ಕೆಡುತ್ತದೋ ಎಂಬಂತೆ ಎಲ್ಲರೂ ಸುಮ್ಮನೆ ನಿಂತಿದ್ದರು.

ಗಾಡಿ ಎಳೆಯುವ ಕಾಲ ಮುಗಿಯಿತು ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದಳು. ತಮ್ಮ ಗಾಡಿಯನ್ನು ಬಿಚ್ಚಿ ಗಾಲಿಗಳನ್ನು ಬೇರೆಯವರಿಗೆ ಕೊಟ್ಟ. ಬೆಳಗಿನ ಹೊತ್ತು ಮೂಟೆ ಹೊರುವ ಕೆಲಸಕ್ಕೆ ಹೋಗುತ್ತಿದ್ದ, ಮಧ್ಯಾಹ್ನದ ಮೇಲೆ ಅಕ್ಕನ ಜೊತೆ ಕೂತು ಹೊಲಿಯುತ್ತಿದ್ದ. ಅವನ ಹೊಲಿಗೆ ನೋಡಿ, "ಇದು ಹೊಲಿಗೆಯೋ ಇರುವೆ ಸಾಲೋ" ಎಂದು ಅವಳು ಬೈದು ಬಿಚ್ಚಿಸುತ್ತಿದ್ದಳು.

ಜೋಲಿಯನ್ನು ಪೂರ್ತಿ ತೆಗೆದ ದಿನ, ಊಟವಾದ ಮೇಲೆ ಇಬ್ಬರೂ ಶೆಡ್ಡಿಗೆ ಬಂದರು. ಯಜಮಾನಿ ಮರಳನ್ನು ಮೂಸಿತು, ಮುಂಗಾಲಿಂದ ಕೆರೆಯಿತು, ಸುತ್ತ ತಿರುಗಿತು. ಇವರು ಬೇಡ ಬೇಡ ಅನ್ನುವಷ್ಟರಲ್ಲಿ ಮುಂಗಾಲು ಮಡಚಿ ಧೊಪ್ಪನೆ ಮಲಗಿಬಿಟ್ಟಿತು.

ತಮ್ಮನ ಮುಖ ಬಿಳಿಚಿಕೊಂಡಿತು. ಕುದುರೆ ಏಳಬೇಕಾದರೆ ಹಿಂಗಾಲು ಊರಿ ಇಡೀ ಮೈಯನ್ನು ಮೇಲೆ ಚಿಮ್ಮಿಸಬೇಕು. ಆ ಭಾರ ಈ ಕಾಲು ತಡೆಯುತ್ತದೋ, ಹೊಲಿದ ನರ ಕಿತ್ತು ಬರುತ್ತದೋ? ಎತ್ತೋಣವೆಂದರೆ ಜೋಲಿಯನ್ನು ಬಿಚ್ಚಿ ಒಗೆಯಲು ಹಾಕಿಯಾಗಿತ್ತು.

"ಎಬ್ಬಿಸ್ಲಾ ಅಕ್ಕ?"

"ಬೇಡ. ನೋಡು, ಹೇಗೆ ಮಲಗಿದಾಳೆ."

ಅದು ನಾಲ್ಕೂ ಕಾಲು ಚಾಚಿ, ಕೆನ್ನೆಯನ್ನು ಮರಳಿಗೆ ಒತ್ತಿ, ಗೊರಕೆ ಹೊಡೆಯುತ್ತಿತ್ತು. ಎಷ್ಟು ತಿಂಗಳಿಂದ ನಿಂತೇ ಇದ್ದ ಪ್ರಾಣಿ. ಅಕ್ಕ-ತಮ್ಮ ಗೋಡೆಗೊರಗಿ ಕೂತರು. ಹೊರಗೆ ಲಾರಿಯೊಂದು ಹಾರನ್ ಹೊಡೆದಾಗ, ಎಲ್ಲಿ ಬೆಚ್ಚಿ ಏಳುತ್ತದೋ ಎಂದು ಇಬ್ಬರ ಜೀವವೂ ಬಾಯಿಗೆ ಬಂತು. ಅದು ಕಿವಿ ಮಾತ್ರ ಆಡಿಸಿತು. ಬಿಸಿಲು ಬಾಗಿಲಿನಿಂದ ಸರಿದು ಗೋಡೆಗೆ ಬಂತು. ತಮ್ಮ ಅಕ್ಕನ ಕೈಯನ್ನು ಯಾವಾಗ ಹಿಡಿದುಕೊಂಡನೋ ಇಬ್ಬರಿಗೂ ತಿಳಿಯಲಿಲ್ಲ.

ಕೊನೆಗೆ ಯಜಮಾನಿ ಕಣ್ಣು ಬಿಟ್ಟಿತು. ಎದೆಯ ಮೇಲೆ ಎದ್ದು ಕೂತಿತು. ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ, ಒಮ್ಮೆ ಮೇಲಕ್ಕೆ ಹೊಮ್ಮಿತು. ಹಿಂಗಾಲು ಜಾರಿ ಮತ್ತೆ ಕುಸಿಯಿತು. ತಮ್ಮ ಎದ್ದು ಓಡಲು ನೋಡಿದ. ಅಕ್ಕ ಅವನ ಕೈಯನ್ನು ಬಿಡಲಿಲ್ಲ. ಎರಡನೆಯ ಸಲ ಅದು ನರಳಿತು, ಮರಳು ಚೆಲ್ಲಾಡಿತು, ಸೊಟ್ಟ ಗೊರಸೂ ಗಂಟುಬಿದ್ದ ಕಾಲೂ ಒಟ್ಟಿಗೆ ನೆಲ ಒತ್ತಿದವು, ಇಡೀ ಮೈ ಗಡಗಡ ನಡುಗುತ್ತ ಮೇಲೆದ್ದಿತು. ತೂರಾಡಿತು. ನಿಂತಿತು. ಮೈ ಕೊಡವಿದ ರಭಸಕ್ಕೆ ಅಷ್ಟೂ ಮರಳು ಇಬ್ಬರ ತಲೆ ಮೇಲೆ ಬಿತ್ತು. ಆಮೇಲೆ ಕುಂಟುತ್ತ ಕುಂಟುತ್ತ ನೀರಿನ ಬಕೆಟ್ಟಿನ ಬಳಿಗೆ ಹೋಯಿತು.

ತಮ್ಮ ಮಂಡಿಯ ನಡುವೆ ತಲೆಯಿಟ್ಟು ಅಳುತ್ತಿದ್ದ. ದಬ್ಬಣದಕ್ಕ ಅವನ ಕೂದಲಿನಿಂದ ಮರಳು ಕೊಡವಿದಳು.

"ಏಳು" ಅಂದಳು. "ಬಕೆಟ್ಟಲ್ಲಿ ನೀರು ಸಾಲಲ್ಲ ಅವಳಿಗೆ."